ಇಡೀ ಎಲೆ

ಐದನೇ ದಿನವೂ ಆಮೆ ಮರಿ ಎಲೆ ಮುಟ್ಟಲಿಲ್ಲ. ರೇಷ್ಮೆ ಸಾಕುವ ಹುಳುಮನೆಯ ಮೂಲೆಯಲ್ಲಿ, ಬಿದಿರು ತಟ್ಟೆಯ ಮೇಲೆ ತಲೆ ಎತ್ತಿಕೊಂಡು ಅಲುಗಾಡದೆ ಕೂತಿತ್ತು. ಪ್ರಿಯಾಂಕ ಅದನ್ನು ಎತ್ತಿಕೊಳ್ಳಲು ಹೋದರೆ ಅಜ್ಜಿ ಚಿಕ್ಕಮುನಿಯಮ್ಮ ಅಡ್ಡ ಬಂದಳು.

“ಮುಟ್ಬೇಡ ಕಣೇ. ಜ್ವರಕ್ಕೆ ಕೂತದೆ. ಅದೇ ಏಳುತ್ತೆ ಬಿಡು.”

ರೇಷ್ಮೆಹುಳು ಪೊರೆ ಬಿಡುವ ಮುಂಚೆ ಮೇವು ನಿಲ್ಲಿಸಿ, ತಲೆ ಎತ್ತಿ ಕೂರುವುದಕ್ಕೆ ಶಿಡ್ಲಘಟ್ಟದ ಕಡೆ ಜ್ವರ ಎನ್ನುತ್ತಾರೆ. ನಾಲ್ಕು ಜ್ವರ ದಾಟಿದರೆ ಹುಳು ಗೆದ್ದಂತೆ. ನಲವತ್ತು ವರ್ಷದಿಂದ ಕೂದಲೆಳೆಯಂಥ ಎಳೆಹುಳುಗಳನ್ನು ಸಾಕಿ ಊರಿಗೆಲ್ಲ ಕೊಟ್ಟ ಮುದುಕಿಗೆ ಆಮೆಯೂ ಇನ್ನೊಂದು ಹುಳುವೇ, ಬೆನ್ನು ಸ್ವಲ್ಪ ಗಟ್ಟಿ ಅಷ್ಟೆ. ಮೊಮ್ಮಗಳು ಅರಣ್ಯ ಇಲಾಖೆಯಲ್ಲಿ ನೋಂದಾಯಿಸಿ ಸಾಕಿಕೊಂಡಿದ್ದ ಆಫ್ರಿಕಾದ ಈ ಮರಿಗೆ ಹತ್ತು ತಿಂಗಳಿಂದ ಅಜ್ಜಿಯದೇ ಆರೈಕೆ. ಹುಳುಮನೆಯ ಬೆಚ್ಚನೆಯ ಕತ್ತಲು, ಹಿಪ್ಪುನೇರಳೆಯ ಕುಡಿ ಎಲೆ, ಅದನ್ನೂ ಕತ್ತಿಯಲ್ಲಿ ಅಕ್ಕಿಕಾಳಿನಷ್ಟು ಸಣ್ಣಗೆ ಹೆಚ್ಚಿ ಹಾಕುತ್ತಿದ್ದಳು. ಇಡೀ ಎಲೆ ಏನಿದ್ದರೂ ನಾಲ್ಕನೇ ಜ್ವರ ಎದ್ದ ಮೇಲೆ. ಈ ವಿಷಯದಲ್ಲಿ ಅವಳ ಜೊತೆ ವಾದಕ್ಕಿಳಿದು ಗೆದ್ದವರು ಆ ಮನೆಯಲ್ಲಿ ಯಾರೂ ಇರಲಿಲ್ಲ.

ಆದರೆ ಆವತ್ತು ಪ್ರಿಯಾಂಕ ಹಟ ಬಿಡಲಿಲ್ಲ. ಆಮೆಯನ್ನು ರಟ್ಟಿನ ಡಬ್ಬಿಯಲ್ಲಿಟ್ಟುಕೊಂಡು ಚಿಕ್ಕಬಳ್ಳಾಪುರದ ಬಸ್ಸು ಹತ್ತಿದಳು. ಅಜ್ಜಿ ಗೊಣಗುತ್ತಲೇ ಹಿಂದೆ ಹತ್ತಿದಳು. ಪಶುವೈದ್ಯೆ ಯಶೋಧರಾ ಆಮೆಯ ಮೂತಿಯನ್ನು ಬೆಳಕಿಗೆ ತಿರುಗಿಸಿದರು. ಮೇಲಿನ ಕೊಕ್ಕು ಗಿಣಿಯ ಕೊಕ್ಕಿನಂತೆ ಬಾಗಿ, ಕೆಳತುಟಿ ದಾಟಿ ಗದ್ದದವರೆಗೆ ಇಳಿದಿತ್ತು.

“ಇದು ಮೇವು ಬಿಟ್ಟಿಲ್ಲಮ್ಮ. ಕಚ್ಚೋಕೇ ಆಗ್ತಿಲ್ಲ,” ಎಂದರು. “ಮುಟ್ಟಿ ನೋಡಿ ಅಜ್ಜಿ. ಇದಕ್ಕೆ ಹಲ್ಲಿಲ್ಲ, ಇರೋದು ಈ ಕೊಕ್ಕು ಒಂದೇ. ನಮ್ಮ ಉಗುರಿದ್ದ ಹಾಗೆ, ಸಾಯೋ ತನಕ ಬೆಳೀತಾನೇ ಇರುತ್ತೆ. ಬಲಿತ ಎಲೆ, ಹುಲ್ಲು, ನಾರು ಕಚ್ಚಿ ಎಳೆದೂ ಎಳೆದೂ ಅದು ಸವೀಬೇಕು. ಎಲೆ ಹೇಗೆ ಕೊಡ್ತಿದ್ರಿ?”

“ಸಣ್ಣಗೆ ಹೆಚ್ಚಿ…” ಎಂದಳು ಚಿಕ್ಕಮುನಿಯಮ್ಮ. ಅವಳ ಕೈಯಲ್ಲಿ ಒಂದು ತಟ್ಟೆ ಹುಳು ಕೆಟ್ಟಿದ್ದನ್ನು ಊರು ಕಂಡಿರಲಿಲ್ಲ. ಆ ಕೈಯನ್ನೇ ಒಮ್ಮೆ ತಿರುಗಿಸಿ ನೋಡಿಕೊಂಡಳು. “ನಾನೇ ಉಪವಾಸ ಕೆಡವಿದ್ನಾ ತಾಯಿ?”

ವೈದ್ಯೆ ಪುಟ್ಟ ಅರದ ಯಂತ್ರದಿಂದ ಕೊಕ್ಕನ್ನು ಸವೆಸಿದರು. ಬಿಳಿ ಪುಡಿ ಮೇಜಿನ ಮೇಲೆ ಉದುರಿತು. ಕತ್ತಲ ಕೋಣೆ ಬೇಡ, ಎಳೆಬಿಸಿಲು ಬೇಕು, ಕ್ಯಾಲ್ಸಿಯಂ ಪುಡಿ ಉದುರಿಸಿ ಎಂದೆಲ್ಲ ಬರೆದುಕೊಟ್ಟರು. “ಮೂರು ದಿನದಲ್ಲಿ ತಾನಾಗಿ ಕಚ್ಚಿ ತಿಂದ್ರೆ ಉಳಿಯುತ್ತೆ. ಇಲ್ಲಾಂದ್ರೆ ಕಷ್ಟ.”

“ಉಳಿದ್ರೆ ಎಷ್ಟು ದಿನದ ಜೀವ ಇದು?”

“ದಿನ ಅಲ್ಲ ಅಜ್ಜಿ. ಚೆನ್ನಾಗಿ ನೋಡ್ಕೊಂಡ್ರೆ ಎಂಬತ್ತು ವರ್ಷ.”

ವಾಪಸು ಬರುವಾಗ ಅಜ್ಜಿ ಬಸ್ಸಿನಲ್ಲಿ ಡಬ್ಬಿಯನ್ನು ತಾನೇ ಮಡಿಲಿಗೆ ಎಳೆದುಕೊಂಡಳು. ಅವಳು ಸಾಕಿದ ಲಕ್ಷಾಂತರ ಜೀವಗಳಿಗೆ ಇಪ್ಪತ್ತೆಂಟು ದಿನಕ್ಕೆ ಗೂಡು, ಆಮೇಲೆ ನೂಲು ತೆಗೆಯಲು ಕುದಿವ ನೀರು. ಎಂಬತ್ತು ವರ್ಷ ಎಂಬುದನ್ನು ಅವಳು ಯಾವ ತಟ್ಟೆಯಲ್ಲೂ ಕಂಡವಳಲ್ಲ. ಅದಕ್ಕೇ ಭಯವಾಯಿತು, ಭಯಕ್ಕಿಂತ ಹೆಚ್ಚಾಗಿ ಬೆರಗಾಯಿತು. ಮಡಿಲಲ್ಲಿದ್ದ ಡಬ್ಬಿಯನ್ನು ಶಿಡ್ಲಘಟ್ಟ ಬರುವವರೆಗೂ ಎರಡು ಕೈಯಲ್ಲಿ ಹಿಡಿದಿದ್ದಳು.

ಒಂದು ದಿನ ಕಳೆಯಿತು, ಎರಡು ಕಳೆಯಿತು. ತೋಟದ ಬದುವಿನಲ್ಲಿ ಬಿಸಿಲಿಗೆ ಬಿಟ್ಟ ಆಮೆ ಮುಂದಿದ್ದ ಬಲಿತ ಎಲೆಯನ್ನು ಮೂಸಿ, ಮುಖ ತಿರುಗಿಸಿತು. ಮೂರನೇ ಬೆಳಿಗ್ಗೆಯೂ ಅದೇ. ಅಜ್ಜಿಯ ಕೈ ಸೊಂಟದ ಕತ್ತಿಗೆ ಹೋಯಿತು. ಹಿಂದೆ ಬಂತು. ಮತ್ತೆ ಹೋಯಿತು. ಕೊನೆಗೆ ಕತ್ತಿಯನ್ನು ಕಿತ್ತು ಪ್ರಿಯಾಂಕಳ ಕೈಗೆ ಹಾಕಿದಳು.

“ತಗೊಂಡೋಗಿ ಒಳಗಿಡಮ್ಮ. ಈ ಹಾಳು ಕೈ ಸುಮ್ಕಿರಲ್ಲ.”

ಆಮೇಲೆ ತೋಟಕ್ಕೆ ನುಗ್ಗಿ, ಹೆಬ್ಬೆರಳು ಗಾತ್ರದ ಬಲಿತ ಕಡ್ಡಿಯೊಂದನ್ನು ಎಲೆ ಸಮೇತ ಲಟಕ್ಕನೆ ಮುರಿದು ತಂದು ಆಮೆಯ ಮುಂದಿಟ್ಟು, ಮಣ್ಣಿನಲ್ಲೇ ಕುಕ್ಕರುಗಾಲಲ್ಲಿ ಕೂತಳು. ಪ್ರಿಯಾಂಕ ವಾಪಸು ಬಂದು ಪಕ್ಕದಲ್ಲಿ ಕೂತಳು. ಬಿಸಿಲು ಏರಿತು. ಆಮೆ ಕತ್ತು ಚಾಚಿತು. ಮುಂಗಾಲನ್ನು ಕಡ್ಡಿಯ ಮೇಲೂರಿ, ಎಲೆಯ ಅಂಚಿಗೆ ಬಾಯಿ ಹಾಕಿ, ಇಡೀ ತಲೆಯನ್ನು ಹಿಂದಕ್ಕೆ ಜಗ್ಗಿತು. ಟರ್ರ್ ಎಂದು ಎಲೆ ಹರಿಯಿತು.

ಸಾವಿರಾರು ಬಾಯಿ ಒಟ್ಟಿಗೆ ಮೇಯುವ ಸದ್ದಿನಲ್ಲೇ ಬದುಕು ಕಳೆದವಳು, ಒಂದೇ ಬಾಯಿಯ ಆ ಸದ್ದಿಗೆ ಉಸಿರು ಬಿಡುವುದನ್ನೇ ಮರೆತಳು. ಎಲೆಯಲ್ಲಿ ಅರ್ಧಚಂದ್ರ ಮೂಡಿತ್ತು. ಮತ್ತೊಂದು ಟರ್ರ್. ಇನ್ನೊಂದು.

“ನೋಡೇ… ನೋಡೇ, ಎಂಥ ಅಂಚು! ನನ್ನ ಕತ್ತಿಗೆ ಒಂದಿನಾನೂ ಬಂದಿಲ್ಲ ಕಣೇ ಇದು,” ಎಂದಳು. ಕಣ್ಣು ತುಂಬಿದ್ದನ್ನು ಒರೆಸಿಕೊಳ್ಳುವ ಗೋಜಿಗೆ ಹೋಗಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಎಲೆಯೆಲ್ಲ ಮುಗಿದು ಬರೀ ಕಡ್ಡಿ ಉಳಿಯಿತು. ಅಜ್ಜಿ ಅದನ್ನು ಬದುವಿನಲ್ಲಿ ನೆಟ್ಟು, ಚೊಂಬಿನಿಂದ ನೀರು ಹಾಕಿ, ಬುಡವನ್ನು ಅಂಗೈಯಲ್ಲಿ ಒತ್ತಿದಳು. ಅವಳ ಹಿಂದೆ ತೋಟದಲ್ಲಿ, ಹೀಗೇ ಕಡ್ಡಿಯಿಂದ ಚಿಗುರಿ, ಪ್ರತಿ ಬೆಳೆಗೂ ಮೊಣಕಾಲುದ್ದಕ್ಕೆ ಕತ್ತರಿಸಿಕೊಳ್ಳುವ ಹಿಪ್ಪುನೇರಳೆ ಗಿಡಗಳು ಸಾಲಾಗಿ ನಿಂತಿದ್ದವು.

“ನಿಮ್ಮಪ್ಪಂಗೆ ಹೇಳು,” ಎಂದಳು. “ಇದೊಂದನ್ನ ಸವರಬಾರ್ದು. ಮರ ಆಗ್ಲಿ.”