ಮಾರು ದಾಟಿದ ದನಿ

ನಗರದಲ್ಲಿ ದನಿ ಒಂದು ಮಾರು ದೂರ ಹೋಗಿ ಬಿದ್ದುಬಿಡುತ್ತಿತ್ತು. ಎರಡು ಕೈ ಅಗಲಿಸಿದಷ್ಟೇ ಅದರ ಓಟ. ಹಾಗಾಗಿ ಭಾನುವಾರ ಬಂತೆಂದರೆ ಜನ ಊರಾಚೆ, ದನಿ ದೂರ ಓಡುವ ಸೈಟು ನೋಡಲು ಹೊರಡುತ್ತಿದ್ದರು.

ಜಲಜಾಕ್ಷಿಯೂ ಗಂಡ ಚಂದ್ರಹಾಸ, ಏಳು ವರ್ಷದ ಮಗಳು ಇಂಚರಳೊಂದಿಗೆ ಬಂದಿದ್ದಳು. ಹೋದ ತಿಂಗಳು ಮಗು ಮೆಟ್ಟಿಲಿಂದ ಬಿದ್ದು ಕೂಗಿದ್ದು ಅಡುಗೆಮನೆಯಲ್ಲಿದ್ದ ಅವಳಿಗೆ ಕೇಳಿಸಿರಲಿಲ್ಲ.

"ದಕ್ಷಿಣದ ಬಾಗಿಲಾಗುತ್ತೆ ಕಣೇ, ಇದು ಬೇಡ," ಎಂದ ಚಂದ್ರಹಾಸ. "ರಸ್ತೆ ಪಕ್ಕ ಪೂರ್ವದ್ದಿದೆಯಲ್ಲ."

"ಅಲ್ಲಿ ದನಿ ಹತ್ತಡಿಗೇ ಸೋತುಹೋಯ್ತು. ನೀವೇ ನೋಡಿದ್ರಲ್ಲ ರೀ."

ಸೈಟು ತೋರಿಸುತ್ತಿದ್ದ ಏಜೆಂಟ್ ರೇವಣ್ಣ ನಕ್ಕ. "ಕೂಗಿ ನೋಡಿ ಅಕ್ಕಾ. ಈಗ ಬೋರ್‌ವೆಲ್ ನೀರು ಹೆಂಗೆ ಅಂತ ಯಾರೂ ಕೇಳಲ್ಲ."

ಮಗಳನ್ನು ಒಂದು ಮೂಲೆಗಲ್ಲಿನ ಬಳಿ ನಿಲ್ಲಿಸಿ ಜಲಜಾಕ್ಷಿ ಎದುರು ಮೂಲೆಗೆ ನಡೆದಳು. ದಿನವೂ ಮಗಳ ಕಿವಿಗೆ ಬಾಯಿಟ್ಟು ಹೇಳಿಕೊಡುತ್ತಿದ್ದ ಷಟ್ಪದಿಯ ಮೊದಲ ಸಾಲನ್ನು ಬಾಯಿತುಂಬ ಓದಿದಳು.

ಇಂಚರ ಬೆಚ್ಚಿ ಪಕ್ಕಕ್ಕೆ ನೋಡಿದಳು, ಹಿಂದೆ ತಿರುಗಿದಳು, ಕಿವಿ ಮುಟ್ಟಿಕೊಂಡಳು. "ಅಪ್ಪಾ, ಅಮ್ಮ ಎಲ್ಲಿ ಬಚ್ಚಿಟ್ಕೊಂಡಿದಾಳೆ?"

ಚಂದ್ರಹಾಸ ದೂರದ ಕಲ್ಲಿನತ್ತ ಕೈ ತೋರಿಸಿದ. ಮಗಳು ಅನುಮಾನದಿಂದಲೇ ಎರಡನೆಯ ಸಾಲು ಹೇಳಿದಳು.

"ತಪ್ಪು! ಕೊನೇ ಅಕ್ಷರ ದೀರ್ಘ, ಎಳೆದು ಹೇಳು!" ಎಂದು ಆಚೆಯಿಂದ ಬಂತು.

ಚಂದ್ರಹಾಸ ವಾಸ್ತುವಿನ ಮಾತು ಮತ್ತೆ ಎತ್ತಲಿಲ್ಲ. ಮಗಳು ಸಾಲನ್ನು ಎಳೆದು ಹೇಳಿದಳು. ಜಲಜಾಕ್ಷಿ ಹತ್ತಿರ ಬರಲೇ ಇಲ್ಲ. ಅಲ್ಲಿಂದಲೇ ಕೂಗಿದಳು:

"ರೇವಣ್ಣೋರೇ, ಇದೇ ಸೈಟು!"