ಹಾರ್ಲನ್ ಹೆಸರಿನಲ್ಲಿ ಎತ್ತಿಟ್ಟದ್ದು

ಬ್ಯಾಂಕಿನ ಸಾಲ ಸಮಿತಿಯ ಸಭೆಗೆ ನುಗ್ಗಿದ ಬೇಕರಿಯ ಹಾರ್ಲನ್ ಹೋಫ್ಟ್, ಮೇಜಿನ ಮೇಲೆ ಒಂದು ಟ್ರೇಯನ್ನು ಧೊಪ್ಪನೆ ಕುಕ್ಕಿದ. ಒಳಗೆ ಆಲೂಗಡ್ಡೆ, ಕೊಚ್ಚಿದ ಮಾಂಸ, ಚೀಸು ಎಲ್ಲ ಪದರ ಪದರವಾಗಿ ಕೂಡಿದ ಹಾಟ್‌ಡಿಶ್ ಕಲ್ಲಿನಂತೆ ಹೆಪ್ಪುಗಟ್ಟಿತ್ತು. ಮುಚ್ಚಳಕ್ಕೆ ಅಂಟಿಸಿದ ಚೀಟಿಯಲ್ಲಿ ದುಂಡಗಿನ ಅಕ್ಷರ: 'ಹಾರ್ಲನ್ ಹೋಫ್ಟ್. ಅಂತ್ಯಕ್ರಿಯೆಯ ಊಟಕ್ಕೆ.'

"ಈ ಅಕ್ಷರ ಯಾರದು ಅಂತ ನಂಗೊತ್ತಿಲ್ವಾ ಟ್ರೀನಾ? ಬ್ಯಾಂಕಿಂದ ಬರೋ ಕಾಗ್ದದ ಮೇಲೆಲ್ಲಾ ಇದೇ! ಐಸ್ ತರೋಣ ಅಂತ ಚರ್ಚಿನ ಫ್ರೀಜರ್ ತೆಗೆದ್ರೆ, ನನ್ನ ತಿಥಿ ಊಟ ನನ್ನನ್ನೇ ನೋಡ್ತಾ ಕೂತಿದೆ!"

ಟ್ರೀನಾ ಡೈಕ್‌ಸ್ಟ್ರಾಳ ಕೆನ್ನೆ ಕೆಂಪೇರಿತು. ಮರಳಿ ಬಾರದೆ ಹೋಗಬಹುದಾದ ಸಾಲಗಳನ್ನು ಗುರುತಿಸಿ, ಅವುಗಳಿಗೆಂದು ಬ್ಯಾಂಕಿನ ಲಾಭದಲ್ಲಿ ಮೊದಲೇ ಒಂದು ಪಾಲು ಎತ್ತಿಡುವುದು ಅವಳ ಕೆಲಸ. ದೋಣಿ ಮುಳುಗುವವರೆಗೆ ಕಾಯಬಾರದು, ತೂತು ಕಂಡರೆ ಸಾಕು ಎನ್ನುವುದು ಬ್ಯಾಂಕಿನ ಲೆಕ್ಕದ ನೀತಿ. ಹುಟ್ಟುಗುಣ ಸುಟ್ಟರೂ ಹೋಗದು ನೋಡಿ, ಚರ್ಚಿನ ಅಡುಗೆಮನೆಯಲ್ಲೂ ಅವಳದು ಅದೇ ನೀತಿ. ಯಾರ ಮನೆಯಲ್ಲಿ ಸಾವಾದರೂ ಹೆಂಗಸರು ಹಾಟ್‌ಡಿಶ್ ಮಾಡಿ ಒಯ್ಯುವುದು ಅಯೋವಾದ ಆ ಊರಿನ ರೂಢಿ. ಉಳಿದವರು ಸಾವಿನ ಸುದ್ದಿ ಬಂದ ಮೇಲೆ ಒಲೆ ಹಚ್ಚುತ್ತಿದ್ದರು. ಟ್ರೀನಾ ಕೆಮ್ಮು ಕೇಳಿದೊಡನೆ ಹಚ್ಚುತ್ತಿದ್ದಳು.

"ಏಪ್ರಿಲಲ್ಲಿ ನಿಮಗೆ ಎದೆ ಆಪರೇಷನ್ ಆಯ್ತಲ್ಲಾ... ಮುಂಜಾಗ್ರತೆ ಅಷ್ಟೇ. ತಪ್ಪು ತಿಳ್ಕೋಬೇಡಿ" ಎಂದಳು.

ಬ್ಯಾಂಕಿನ ಅಧ್ಯಕ್ಷ ಲೈಲ್ ಕೈಪರ್ ಹೊಟ್ಟೆ ಹಿಡಿದುಕೊಂಡು ನಕ್ಕ. "ಕೂಸು ಹುಟ್ಟೋ ಮೊದ್ಲು ಕುಲಾವಿ ಹೊಲಿಯೋರ್ನ ಕಂಡಿದ್ದೆ. ಇವಳು ಗೋರಿ ಕಲ್ಲೇ ಕೆತ್ತಿಸಿಬಿಡ್ತಾಳಪ್ಪೋ!" ನಕ್ಕೂ ನಕ್ಕೂ ಏದುಸಿರು ಬಂದು ಟೈ ಸಡಿಲಿಸಿಕೊಂಡ.

ಹಾರ್ಲನ್ ನಗಲಿಲ್ಲ. ಅವನ ಬೇಕರಿಯ ಸಾಲ ಮುಂದುವರಿಸಬೇಕೋ ಬೇಡವೋ ಎಂದು ಸಮಿತಿ ಅಂದೇ ತೀರ್ಮಾನಿಸುವುದಿತ್ತು. ಬೇಡ ಎಂದರೆ ಅಂಗಡಿಗೆ ಬೀಗ. "ಸರಿ, ಚರ್ಚಿನ ಕತೆ ಇರ್ಲಿ. ಇಲ್ಲಿ ನನ್ನ ಹೆಸರಲ್ಲಿ ಎಷ್ಟು ಎತ್ತಿಟ್ಟಿದ್ದೀಯ?"

"ಪೂರ್ತಿ" ಎಂದಳು ಟ್ರೀನಾ, ಮೇಜನ್ನೇ ನೋಡುತ್ತ.

"ಪೂರ್ತಿ! ಅಲ್ಲೂ ಸತ್ತೆ, ಇಲ್ಲೂ ಸತ್ತೆ!"

"ಬೇಕರಿ ಅಂದ್ರೆ ನೀವೊಬ್ರೇ ಅಲ್ವಾ ಹಾರ್ಲನ್? ನೀವು ಹೋದ್ರೆ ಆ ಒಲೆ ಮುಂದೆ ನಿಲ್ಲೋರು ಯಾರು ಹೇಳಿ? ನೀವು ಚೇತರಿಸ್ಕೊಂಡ್ರಿ ಅನ್ನೋಕೆ ನನ್ನತ್ರ ಒಂದೂ ಪುರಾವೆ ಇರ್ಲಿಲ್ಲ." ಅವನ ಬಾದಾಮಿ ಹೂರಣದ ಪೇಸ್ಟ್ರಿ ತಿಂದೇ ಬೆಳೆದವಳು ಟ್ರೀನಾ. ಆ ಅಂಕಿ ಬರೆದ ದಿನ ಅವಳಿಗೆ ಊಟ ಸೇರಿರಲಿಲ್ಲ.

"ಪುರಾವೆ ತಾನೆ? ಜೂನಿಂದ ನನ್ನ ಮೊಮ್ಮಗಳು ನನ್ನ ಜೊತೆ ಹಿಟ್ಟು ನಾದ್ತಿದಾಳೆ. ನಂಗಿಂತ ಚೆನ್ನಾಗಿ! ಬಂದು ನೋಡಿದ್ಯಾ? ಇನ್ನು ನನ್ನ ಎದೆ ವಿಷಯ..." ಹಾರ್ಲನ್ ಟ್ರೇಯನ್ನು ಪಕ್ಕದ ಅಡುಗೆಕೋಣೆಯ ಓವನ್ನಿಗೆ ತಳ್ಳಿ ಬಂದ. ಕೋಟು ಕಳಚಿ ಎಸೆದ. ಟ್ರೀನಾಳ ಕೈ ಹಿಡಿದು ಎಬ್ಬಿಸಿದ. ಮೇಜಿನ ಸುತ್ತ ಗಿರಗಿರನೆ ಪೋಲ್ಕಾ ಜೋಡಿನೃತ್ಯ ಕುಣಿಯತೊಡಗಿದ!

ಅವರ ಚರ್ಚಿನವರಿಗೆ ಕುಣಿತ ಅಂದರೆ ಅಷ್ಟಕ್ಕಷ್ಟೇ. ಟ್ರೀನಾ ಹುಟ್ಟಿದಾಗಿನಿಂದ ಕುಣಿದವಳಲ್ಲ. ಮೊದಲ ಸುತ್ತಿನಲ್ಲಿ "ಅಯ್ಯೋ ಬಿಡಿ, ಬಿಡಿ" ಎಂದಳು, ಎರಡನೆಯದರಲ್ಲಿ ಕಿಲಕಿಲ ನಕ್ಕಳು, ಆಮೇಲೆ ಯಾರು ಯಾರನ್ನು ಎಳೆಯುತ್ತಿದ್ದಾರೆಂದೇ ತಿಳಿಯದಂತಾಯಿತು. ಫೈಲುಗಳು ಉದುರಿದವು, ಕುರ್ಚಿ ಮಗುಚಿತು. ಲೈಲ್ ಕೂತಲ್ಲೇ ಚಪ್ಪಾಳೆ ತಟ್ಟಿದ. ಕುಣಿತ ನಿಂತಾಗ ಹಾರ್ಲನ್‌ನ ಉಸಿರು ನೆಟ್ಟಗಿತ್ತು. ಬರೀ ಚಪ್ಪಾಳೆ ತಟ್ಟಿದ ಲೈಲ್ ಮಾತ್ರ ಮತ್ತೆ ಏದುಸಿರು ಬಿಡುತ್ತ ನೀರಿಗೆ ಕೈಚಾಚಿದ. ಟ್ರೀನಾ ಕೂದಲು ಸರಿಮಾಡಿಕೊಳ್ಳುತ್ತ ಅವನನ್ನೊಮ್ಮೆ ನೋಡಿದಳು.

ಮಧ್ಯಾಹ್ನ ಮೂವರೂ ಸೇರಿ ಹಾರ್ಲನ್‌ನ ಅಂತ್ಯಕ್ರಿಯೆಯ ಊಟ ಉಂಡರು. "ಉಪ್ಪು ಕಮ್ಮಿ. ಸತ್ತೋನು ಎದ್ದು ಬಂದು ಕೇಳ್ತಾನಾ ಅಂತ ತಾನೆ?" ಎಂದ ಹಾರ್ಲನ್. ಲೈಲ್ ಮೂರನೇ ಸಲ ಬಡಿಸಿಕೊಂಡ.

ಟ್ರೀನಾ ಬಾಯಿ ಒರೆಸಿಕೊಂಡಳು. "ಮೊಮ್ಮಗಳು ಇದಾಳೆ, ಉಸಿರೂ ಇದೆ. ಎತ್ತಿಟ್ಟಿದ್ರಲ್ಲಿ ಅರ್ಧ ಇಳಿಸ್ತೀನಿ. ಪೂರ್ತಿ ಅಂತೂ ಸಾಧ್ಯ ಇಲ್ಲ."

"ಅರ್ಧಕ್ಕೆ ಸಾಲ ಮುಂದುವರಿಯುತ್ತಾ?"

"ಮುಂದುವರಿಯುತ್ತೆ ಕಣಯ್ಯಾ" ಎಂದ ಲೈಲ್, ಬಾಯಿ ತುಂಬ ಆಲೂಗಡ್ಡೆ ಇಟ್ಟುಕೊಂಡೇ. ಹಾರ್ಲನ್ ಹಾಕಿದ ಕೇಕೆ ಕೆಳಗೆ ಕೌಂಟರಿನವರೆಗೂ ಕೇಳಿಸಿತು. ಖುಷಿ ತಡೆಯಲಾಗದೆ ಅವನ ಕಣ್ಣಲ್ಲಿ ನೀರು ಬಂದಿತ್ತು.

ಭಾನುವಾರ ಪ್ರಾರ್ಥನೆ ಮುಗಿದ ಮೇಲೆ ಲೈಲ್‌ಗೆ ಚೇಷ್ಟೆ ಹುಟ್ಟಿತು. "ಬಾರೋ ಹಾರ್ಲನ್, ನಿನ್ನ ಫ್ರೀಜರ್ ನೋಡೋಣ" ಎಂದು ಅವನನ್ನು ಚರ್ಚಿನ ನೆಲಮಾಳಿಗೆಗೆ ಎಳೆದೊಯ್ದ. ಮುಚ್ಚಳ ಎತ್ತಿದರೆ, ಮೇಲೆಯೇ ಹಾರ್ಲನ್ ಹೆಸರಿನ ಹೊಸ ಟ್ರೇ. ಅಳತೆಯಲ್ಲಿ ಸರಿಯಾಗಿ ಅರ್ಧ.

"ನೋಡಿದ್ಯಾ! ಕೊಟ್ಟ ಮಾತಿಗೆ ತಪ್ಪೋಳಲ್ಲ ನಮ್ಮ ಟ್ರೀನಾ!" ಹಾರ್ಲನ್ ಬಿದ್ದು ಬಿದ್ದು ನಕ್ಕ, ಟ್ರೇಯನ್ನೆತ್ತಿ ಮುತ್ತಿಟ್ಟ.

ಲೈಲ್ ನಗಲಿಲ್ಲ. ಅರ್ಧ ಟ್ರೇ ಎತ್ತಿದ ಜಾಗದಲ್ಲಿ, ಅದರಡಿಗೆ, ಒಂದು ಪೂರ್ತಿ ಟ್ರೇ ಇತ್ತು. ಹೆಬ್ಬೆರಳಿನಿಂದ ಚೀಟಿಯ ಮೇಲಿನ ಹಿಮ ಒರೆಸಿದ. ದುಂಡಗಿನ ಅಕ್ಷರದಲ್ಲಿ 'ಲೈಲ್ ಕೈಪರ್' ಎಂದಿತ್ತು.