ಇಸವಿಯ ಪಕ್ಕದ ಗೀರು

ಅದು ಉಳಿ ಜಾರಿ ಬಿದ್ದ ಗೀರಲ್ಲ. ರೈನೆ ತಿಕ್ಕ ಭೂತಗನ್ನಡಿಯನ್ನು ಒರೆಸಿ ಮತ್ತೆ ನೋಡಿದ. ಚಾಕುವಿನ ಹಿಡಿಗೆ ಹಾಕಿದ ಹಿತ್ತಾಳೆ ಬಳೆಯ ಮೇಲೆ ಎರಡು ಅಕ್ಷರ, ಎಚ್ ಮತ್ತು ಪಿ. ಕೆಳಗೆ 1943. ಇಸವಿಯ ಪಕ್ಕದಲ್ಲಿ ಸಣ್ಣದೊಂದು ಕೊಕ್ಕೆ, ಕೊಕ್ಕೆಯ ಬುಡದಲ್ಲಿ ಒಂದು ಚುಕ್ಕೆ. ಜಾರಿದ ಉಳಿ ಹಿಂದಿರುಗಿ ಬಂದು ಚುಕ್ಕೆ ಇಡುವುದಿಲ್ಲ.

ಮಿಕ್ಕೆಲಿ ಪಟ್ಟಣದಲ್ಲಿ ಯುದ್ಧಕಾಲದ ಸಾಮಾನುಗಳಿಗೆ ಬೆಲೆ ಕಟ್ಟುವವನು ಅವನೊಬ್ಬನೇ. ಇಂಥ ಚಾಕುಗಳು ಅವನ ಮೇಜಿನ ಮೇಲೆ ನೂರಾರು ಬಂದುಹೋಗಿದ್ದವು. ರಷ್ಯದೆದುರಿನ ಕಂದಕಗಳಲ್ಲಿ ಗುಂಡು ಹಾರದ ದಿನ ಫಿನ್ನಿಶ್ ಹುಡುಗರು ಹೊತ್ತು ಹೋಗದೆ ಮಾಡಿದವು. ಲಾರಿ ಸ್ಪ್ರಿಂಗಿನ ಅಲಗು, ಬರ್ಚ್ ಮರದ ತೊಗಟೆಯ ಹಿಡಿ, ಅದರ ಮೇಲೊಂದು ಹೆಸರು. ಹೆಸರಿದ್ದರೆ ಬೆಲೆ ಜಾಸ್ತಿ. ಆ ಹೆಸರಿನ ಮನುಷ್ಯ ಸೈನ್ಯದ ಕಾಗದಗಳಲ್ಲಿ ಸಿಕ್ಕಿಬಿಟ್ಟರೆ ಕೇಳುವುದೇ ಬೇಡ.

ಈ ಚಾಕುವನ್ನು ತಂದವಳು ಐಲಿ ಪಕರಿನೆನ್. ಎಪ್ಪತ್ತೈದು ವರ್ಷ, ಮದುವೆಯಾಗಿರಲಿಲ್ಲ, ಶಾಲೆಯಲ್ಲಿ ಪಾಠ ಹೇಳಿ ನಿವೃತ್ತಳಾದವಳು. ಮೂರು ವಾರದ ಹಿಂದೆ ಬಂದಾಗ ಕೋಟನ್ನೂ ಬಿಚ್ಚಿರಲಿಲ್ಲ.

“ಅಮ್ಮನ ಪೆಟ್ಟಿಗೇಲಿತ್ತು. ಚರ್ಚಿಗೆ ಹಾಕೋ ಬಟ್ಟೆ ಕೆಳಗೆ. ಯಾರು ಮಾಡಿದ್ದು ಅಂತ ನೋಡಿ ಹೇಳಿ.”

“ನಿಮ್ಮ ತಂದೆ ಹೆಸರು?”

“ಚರ್ಚಿನ ಜನನದ ಪುಸ್ತಕದಲ್ಲಿ ಹನ್ನೆಸ್ ಪಕರಿನೆನ್ ಅಂತಿದೆ.”

“ಎಚ್, ಪಿ. ಸರಿಹೋಯ್ತಲ್ಲ. ಇನ್ನು ಹುಡುಕೋದೇನಿದೆ?”

“ನಾನೇನೂ ಹೇಳಲ್ಲ, ನೀವೇ ಹುಡುಕಿ. ನಮ್ಮಪ್ಪಂದೇ ಆದ್ರೆ ಅದು ನನ್ನ ಜೊತೇಲೇ ಮಣ್ಣಿಗೆ ಹೋಗತ್ತೆ. ಅಲ್ದಿದ್ರೆ ಮಾರಿಬಿಡಿ.” ಬಾಗಿಲವರೆಗೆ ಹೋದವಳು ತಿರುಗಿ ನಿಂತಳು. “ಮೂವತ್ತೈದು ವರ್ಷ ಮಕ್ಕಳ ಉತ್ತರ ತಿದ್ದಿದೀನಿ. ಊಹೆ ಮಾಡಿ ಬರೆದ್ರೆ ನಂಗೆ ಗೊತ್ತಾಗತ್ತೆ.”

ಬಲು ಬಿಗುಮಾನದ ಮುದುಕಿ ಎಂದುಕೊಂಡಿದ್ದ ರೈನೆ. ಈಗ ಆಕೆಯ ಬಗ್ಗೆ ಹಾಗೆ ಅನಿಸುತ್ತಿರಲಿಲ್ಲ.

ಅಲಗು ಲಾರಿ ಸ್ಪ್ರಿಂಗಿನದಾಗಿರಲಿಲ್ಲ. ಹಿಡಿಯ ಹತ್ತಿರ ಇನ್ನೂ ಹಲ್ಲುಗಳ ಗುರುತಿತ್ತು. ಕುದುರೆಯ ಗೊರಸು ಉಜ್ಜುವ ಅರವನ್ನು ಕಾಯಿಸಿ ಬಡಿದು ಮಾಡಿದ್ದು. ಕಂದಕದಲ್ಲಲ್ಲ, ಹೊಲದ ಮನೆಯೊಂದರಲ್ಲಿ ಆದ ಕೆಲಸ. ಹನ್ನೆಸ್‌ನ ಸೈನ್ಯದ ದಾಖಲೆ ತರಿಸಿದ. 1943ರ ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ಒಂದು ದಿನವೂ ರಜೆಯಿಲ್ಲ. ಐಲಿ ಹುಟ್ಟಿದ್ದು ಮರುವರ್ಷ ಮಾರ್ಚಿನಲ್ಲಿ. ರೈನೆ ಬೆರಳು ಮಡಚಿ ಎಣಿಸಿದ. ತಪ್ಪಿರಬಹುದೆಂಬ ಆಸೆಯಿಂದ ಇನ್ನೊಮ್ಮೆ ಎಣಿಸಿದ.

ರಷ್ಯದ ಯುದ್ಧಕೈದಿಗಳನ್ನು ರೈತರ ಮನೆಗಳಿಗೆ ಕೆಲಸಕ್ಕೆ ಹಂಚಿದ ಪಟ್ಟಿ ನಿನ್ನೆ ಬಂದಿತ್ತು. ಆ ವಸಂತದಲ್ಲಿ ಪಕರಿನೆನ್ ಮನೆಗೆ ಒಬ್ಬನನ್ನು ಕೊಟ್ಟಿದ್ದರು. ನಿಕಿತ ರುದಕೋವ್, ವಯಸ್ಸು ಇಪ್ಪತ್ತಾರು, ಕಸುಬು ಕಮ್ಮಾರಿಕೆ. ಯುದ್ಧ ನಿಂತ ಮೇಲೆ ಎಲ್ಲರೊಂದಿಗೆ ಅವನನ್ನೂ ಗಡಿ ದಾಟಿಸಿದ್ದರು. ಆಮೇಲೆ ಅವನ ಸುದ್ದಿಯಿಲ್ಲ.

ರಷ್ಯನ್ನರು ಇಸವಿ ಬರೆದ ಮೇಲೆ ‘ವರ್ಷ’ ಎಂಬುದಕ್ಕೆ ಕೊಕ್ಕೆಯಂಥ ಒಂದಕ್ಷರ ಬರೆದು ಚುಕ್ಕೆ ಇಡುತ್ತಾರೆ. ಅವರ ಬರವಣಿಗೆಯಲ್ಲಿ ನಮ್ಮ ಎಚ್ ‘ನ’ ಆಗುತ್ತದೆ. ನಮ್ಮ ಪಿ ‘ರ’ ಆಗುತ್ತದೆ.

ರೈನೆ ಭೂತಗನ್ನಡಿಯನ್ನು ಕೆಳಗಿಟ್ಟ. ಕೈದಿಗಳಿಗೆ ಹುಟ್ಟಿದ ಮಕ್ಕಳನ್ನು ‘ರಷ್ಯದವನ ಮರಿ’ ಎಂದು ಕರೆಯುವುದನ್ನು ತನ್ನ ಅಜ್ಜಿಯ ಬಾಯಲ್ಲೇ ಕೇಳಿ ಬೆಳೆದವನು ಅವನು. ಎಪ್ಪತ್ತೈದು ವರ್ಷದ ಹೆಂಗಸಿನಿಂದ ಅವಳ ಅಪ್ಪನನ್ನು ಕಿತ್ತುಕೊಳ್ಳಲು ತಾನು ಯಾರು? ಕಸುಬಿನಲ್ಲಿ ಈವರೆಗೆ ಒಂದು ಸುಳ್ಳನ್ನೂ ಬರೆದವನಲ್ಲ. ಅವತ್ತು ಬರೆದ. ಪ್ರಮಾಣಪತ್ರದಲ್ಲಿ ಹನ್ನೆಸ್ ಪಕರಿನೆನ್ ಎಂದು ನಮೂದಿಸಿ, ಸಹಿ ಹಾಕಿ, ಕೈದಿಗಳ ಪಟ್ಟಿಯನ್ನು ಡ್ರಾಯರಿಗೆ ತಳ್ಳಿದ.

ಹತ್ತು ಗಂಟೆಗೆ ಸರಿಯಾಗಿ ಐಲಿ ಬಂದಳು. ಈ ಸಲ ಕೋಟು ಬಿಚ್ಚಿ, ಕೈಗವಸು ಕಳಚಿ, ಪರೀಕ್ಷೆಗೆ ಬಂದವಳ ಹಾಗೆ ಕುರ್ಚಿಯ ತುದಿಯಲ್ಲಿ ಕುಳಿತಳು.

“ನಿಮ್ಮ ತಂದೇದೇ,” ಎಂದ ರೈನೆ. “ಅನುಮಾನವೇ ಇಲ್ಲ. ಹನ್ನೆಸ್ ಪಕರಿನೆನ್, ಅವರ ಕೈಕೆಲಸ.”

ಐಲಿ ಚಾಕುವಿನತ್ತ ಬಾಗಿದಳು.

“ಬೇರೇನೂ ಕಾಣಲಿಲ್ವಾ? ಇಸವಿ ಪಕ್ಕದಲ್ಲಿ?”

“ಅದಾ? ಉಳಿ ಜಾರಿದೆ, ಅಷ್ಟೇ.”

“ಅಮ್ಮನೂ ಹಾಗೇ ಅಂತಿದ್ಲು.” ಅವಳ ಕಣ್ಣು ತುಂಬಿತು. ಮನಸ್ಸಿಗೆ ನೆಮ್ಮದಿಯಾಗಿರಬೇಕು ಎಂದುಕೊಂಡ ರೈನೆ. ತಾನು ಮಾಡಿದ್ದು ಸರಿ ಎಂದು ಅವನಿಗೂ ಸಮಾಧಾನವಾಯಿತು.

ಐಲಿ ಪ್ರಮಾಣಪತ್ರವನ್ನು ಓದಲಿಲ್ಲ. ಚಾಕುವನ್ನು ಒಮ್ಮೆ ಕೈಗೆತ್ತಿಕೊಂಡು, ಹೆಬ್ಬೆರಳಿನಿಂದ ಹಿತ್ತಾಳೆ ಬಳೆಯನ್ನು ಸವರಿ, ಅದರ ಜಾಗದಲ್ಲೇ ಇಟ್ಟಳು.

“ಹಾಗಾದ್ರೆ ಮಾರಿಬಿಡಿ.”

“ಅರೆ, ನಿಮ್ಮಪ್ಪಂದೇ ಅಂತ ತಾನೆ ನಾನು ಹೇಳ್ತಿರೋದು?”

“ಕೇಳಿಸ್ತು. ತಿಳಿದವರು ನೀವು, ನೀವು ಹೇಳಿದ ಮೇಲೆ ಮುಗೀತು. ಇಷ್ಟು ವರ್ಷ ನಾನೇ ಸುಮ್ನೆ ಏನೇನೋ ಆಸೆ ಇಟ್ಕೊಂಡಿದ್ದೆ.” ಅವಳು ಕೋಟಿನ ತೋಳಿಗಾಗಿ ಎರಡು ಸಲ ತಡಕಾಡಿದಳು. ರೈನೆ ಸಹಾಯಕ್ಕೆ ಏಳುವಷ್ಟರಲ್ಲಿ ಹೊರಟೇಹೋಗಿದ್ದಳು.

ಕಾಫಿ ಹಿಡಿದು ಬಂದ ಸಿರ್ಪ, ಅವನ ಪಾಲುದಾರಳು, ಕಿಟಕಿಯಾಚೆ ಬಗ್ಗಿ ನೋಡಿದಳು. “ಪಕರಿನೆನ್ ಟೀಚರ್ ಅಲ್ವೇನೋ ಅದು? ಎಷ್ಟು ಇಳಿದುಹೋಗಿದಾರೆ ಪಾಪ. ನಂಗೆ ಮೂರು ವರ್ಷ ಪಾಠ ಮಾಡಿದಾರೆ.”

“ಯಾವ ಪಾಠ?” ಚಾಕುವಿನ ಮೇಲಿಂದ ಕಣ್ಣು ತೆಗೆಯದೆ ಕೇಳಿದ ರೈನೆ.

“ರಷ್ಯನ್. ಮೊದಲ್ನೇ ದಿನ ಬೋರ್ಡ್ ಮೇಲೆ ಒಂದು ಎಚ್ ಬರೆದು, ಇದ್ಯಾವ ಅಕ್ಷರ ಅಂತ ಕೇಳಿದ್ರು. ಇಡೀ ಕ್ಲಾಸು ತಪ್ಪೇ ಹೇಳ್ತು.”